ದೊಡ್ಡಮ್ಮ ಕಾಣದ ಚುಕ್ಕಿ

ಬಿತ್ತನೆ ಆಲೂಗೆಡ್ಡೆಯ ಮೂಟೆ ಬಿಚ್ಚಿದರೆ ಹಸಿ ಮಣ್ಣು, ಹಳೆಯ ಗೋಣಿ ಎರಡೂ ಬೆರೆತ ಒಂದು ವಾಸನೆ ಏಳುತ್ತದೆ. ಮೊನ್ನೆ ನಮ್ಮ ಜಗಲಿಯಲ್ಲಿ ಆ ವಾಸನೆ ಬಂದಾಗ ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು. ನೆಂಟರೇನಲ್ಲ, ಬಾಗೂರು ಕಡೆಯ ಈ ಹಳ್ಳಿಗೆ ನಾನು ಸೊಸೆಯಾಗಿ ಬಂದಾಗ ಗೆಡ್ಡೆ ಕುಯ್ಯುವುದನ್ನು ಕಲಿಸಿದವರು. ಒಂದೊಂದು ಹೋಳಿಗೂ ಕಣ್ಣು ಇರಬೇಕು, ಇಲ್ಲದಿದ್ದರೆ ಮೊಳಕೆ ಬರುವುದಿಲ್ಲ. ನಾನು ಕಣ್ಣಿನ ಮೇಲೇ ಕುಡುಗೋಲು ಇಟ್ಟರೆ ತಲೆಗೆ ಮೊಟಕುತ್ತಿದ್ದರು.

ಆ ವರ್ಷ ಅವರ ಸೊಸೆ ಹೆರಿಗೆಗೆಂದು ಹಾಸನದ ಆಸ್ಪತ್ರೆಯಲ್ಲಿದ್ದಳು. ಹಿಂದಿನ ಬಸಿರುಗಳು ನಿಂತಿರಲಿಲ್ಲ. ಮಗ ಅಲ್ಲೇ ಇದ್ದ. ದೊಡ್ಡಮ್ಮ ತಮ್ಮ ಹಿತ್ತಲಲ್ಲಿ ಗೆಡ್ಡೆ ಕುಯ್ಯುತ್ತಾ ಕೂತಿದ್ದರು, ಎದುರಿಗೆ ನಾನು. ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಹೊಳೆನರಸೀಪುರದ ದಿಕ್ಕಿಗೆ, ಮೋಡವಿಲ್ಲದ ಆಕಾಶದಲ್ಲಿ, ಬೆಳ್ಳಗೆ ಉರಿಯುತ್ತಾ ಏನೋ ಜಾರಿತು. ಹಿಂದೆ ಒಂದು ಗೆರೆ ಹೊಗೆ. ಸ್ವಲ್ಪ ಹೊತ್ತಿಗೆ ದೂರದಲ್ಲಿ ಗುಡುಗಿದ ಸದ್ದು...

"ಹಾಡಹಗಲಲ್ಲೇ ಚುಕ್ಕಿ ಬಿತ್ತಲ್ಲ ದೊಡ್ಡಮ್ಮ!" ಎಂದು ಎದ್ದೇಬಿಟ್ಟೆ. ಅವರು ಸೆರಗು ಹಿಡಿದು ಕೂರಿಸಿದರು.

"ಕೂತ್ಕೊ. ಚುಕ್ಕಿ ಬಿದ್ರೆ ಒಂದು ಜೀವ ಓಯ್ತದೆ ಕಣವ್ವ. ಬಾಯ್ ಬುಟ್ರೆ, ನೋಡಿದೋರ ಮನೇದೇ ಓಯ್ತದೆ. ನೀನೂ ನೋಡ್ಲಿಲ್ಲ, ನಾನೂ ನೋಡ್ಲಿಲ್ಲ."

ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಅವತ್ತು ಅವರೇ ಗೆಡ್ಡೆಯ ಕಣ್ಣು ಸೀಳಿದ ಹೋಳುಗಳನ್ನು ನಾನು ಸುಮ್ಮನೆ ಬೇರೆ ಹಾಕಿದೆ.

ಸಂಜೆಗೆ ಊರೆಲ್ಲ ಅದೇ ಮಾತು. ಅರಕಲಗೂಡಿನಲ್ಲೂ ಕಂಡಿತಂತೆ, ಚನ್ನರಾಯಪಟ್ಟಣದಲ್ಲಿ ಕಿಟಕಿ ಅದುರಿದವಂತೆ. ಆ ಹೊತ್ತಿನಲ್ಲಿ ಗೊರಕೆ ಹೊಡೆಯುತ್ತಿದ್ದವರೂ ಕಂಡೆವೆಂದರು. "ನೀನು ನೋಡ್ಲಿಲ್ವಾ ದೊಡ್ಡಮ್ಮ?" ಎಂದು ಕೇಳಿದವರಿಗೆ, "ನಂಗೆಲ್ಲಿ ಕಾಣ್ತದ್ಲಾ, ಕಣ್ಣು ಮಂಜು" ಎಂದುಬಿಟ್ಟರು. ಎಲ್ಲರೂ ನಕ್ಕರು. ಮಾರನೆಯ ದಿನ ಹೆಣ್ಣುಮಗು ಹುಟ್ಟಿತು, ತಾಯಿ ಮಗು ಚೆನ್ನಾಗಿದ್ದರು. ಆಮೇಲಾದರೂ ಹೇಳಬಹುದಿತ್ತು... ಹೇಳಲಿಲ್ಲ. ಮಗುವಿಗೆ ನೆಗಡಿಯಾದರೂ ಸಾಕು, ಬಾಯಿ ಬಿಟ್ಟೆಯಾ ಎಂಬಂತೆ ನನ್ನ ಮುಖ ನೋಡುತ್ತಿದ್ದರು.

ದೊಡ್ಡಮ್ಮ ಹೋದ ವರ್ಷ ತೀರಿಕೊಂಡರು. ಈಗ ತಲೆಗೆ ಮೊಟಕುವವರಿಲ್ಲ. ನನಗೆ ಅದು ದುಃಖವೇ. ಮೊನ್ನೆ ನನ್ನೆದುರು ಗೆಡ್ಡೆ ಕುಯ್ಯಲು ಕೂತವಳು ಅದೇ ಮೊಮ್ಮಗಳು.

"ನಾನು ಉಟ್ಟೋ ಟೈಮಲ್ಲಿ ಹಗಲಲ್ಲೇ ಚುಕ್ಕಿ ಬಿದ್ದಿತ್ತಂತಲ್ಲ ಚಿಕ್ಕಮ್ಮ. ಊರೋರೆಲ್ಲ ನೋಡಿದ್ರಂತೆ. ನಮ್ಮಜ್ಜಿ ಒಬ್ರೇ ನೋಡ್ಲಿಲ್ವಂತೆ, ಪಾಪ" ಎಂದಳು.

ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗಿ ಕೆಮ್ಮಿದಳು. ಗೋಣಿಯ ಧೂಳಿಗೆ, ಅಷ್ಟೇ.

"ಊಂ ಕಣೇ," ಎಂದೆ. "ನಾನೂ ನೋಡ್ಲಿಲ್ಲ."