ಟೆಂಟೆಟಿವ್ ಭಾನುವಾರ

ಟೆಂಟೆಟಿವ್ ಎಂಬ ಇಂಗ್ಲಿಷ್ ವಿಶೇಷಣವನ್ನು ಕಂಡರೆ ನನಗಾಗದು. ಗೌರಿಬಿದನೂರಿನ ರೈಲು ನಿಲ್ದಾಣದಲ್ಲಿ ದುಡಿದು ನಿವೃತ್ತನಾದವನು ನಾನು. ರೈಲು ತಡವಾಗಿ ಬರಲಿ, ಚಿಂತೆಯಿಲ್ಲ. ಬಂದರೂ ಬಂತು, ಇಲ್ಲದಿದ್ದರೂ ಇಲ್ಲ ಎಂದರೆ ಬಾವುಟ ಹಿಡಿದವನು ಏನು ಮಾಡಬೇಕು?

ನಿಘಂಟಿನಲ್ಲಿ ಅದಕ್ಕೆ 'ಇನ್ನೂ ಗಟ್ಟಿಯಾಗದ' ಎಂಬ ಅರ್ಥವಿದೆ. ನಮ್ಮ ಕಡೆಯ ಬಳಕೆಯೇ ಬೇರೆ. ಹಾಗೆಂದವರು ಬರುವುದಿಲ್ಲ. ಬರಲ್ಲ ಎನ್ನಲು ದಾಕ್ಷಿಣ್ಯ, ಅಷ್ಟೆ.

ಕಳೆದ ತಿಂಗಳು ಚಿಂತಾಮಣಿಯ ಹುಡುಗನೊಬ್ಬ ಫೋನಿನಲ್ಲಿ ಅದನ್ನೇ ಅಂದ. ಶಿಡ್ಲಘಟ್ಟದ ಬಳಿ ರೇಷ್ಮೆ ಬೆಳೆಯುವ ನನ್ನ ತಂಗಿಯ ಮಗಳು ಸುಮಾಳನ್ನು ನೋಡಲು "ಭಾನುವಾರ, ಟೆಂಟೆಟಿವ್" ಬರುತ್ತಾರಂತೆ. ಈ ಹುಡುಗನ ಮೇಲೆ ಸುಮಾಳಿಗೆ ಮನಸ್ಸಿತ್ತು. ಅದು ಗೊತ್ತಿದ್ದೂ, "ಬರಲ್ಲ ಬಿಡಮ್ಮ, ಹುಳ ನೋಡ್ಕೊಳ್ಳಿ" ಎಂದು ತಂಗಿಗೆ ತೀರ್ಪು ಕೊಟ್ಟೆ.

ಭಾನುವಾರ ಬೆಳಿಗ್ಗೆ ಹುಳು ಹಣ್ಣಾಯಿತು. ಹಣ್ಣಾದದ್ದನ್ನು ಕೂಡಲೇ ಆರಿಸಿ ಚಂದ್ರಿಕೆಗೆ, ಎಂದರೆ ಗೂಡು ಕಟ್ಟುವ ತಟ್ಟೆಗೆ, ಬಿಡದಿದ್ದರೆ ಸೊಪ್ಪಿನ ಮೇಲೆಯೇ ನೂಲು ಬಿಟ್ಟು ಬೆಳೆ ಹಾಳು. ಮನೆಯವರೆಲ್ಲ, ಕೈಜೋಡಿಸಲು ಹೋಗಿದ್ದ ನಾನೂ ಸೇರಿ, ಹುಳುಮನೆಯಲ್ಲಿ ಬಗ್ಗಿ ಆರಿಸುತ್ತಿದ್ದಾಗ ಹೊರಗೆ ಕಾರು ನಿಂತಿತು.

"ಅಣ್ಣಾ, ಬಂದೇಬಿಟ್ರಲ್ಲಾ! ಬರಲ್ಲ ಅಂದ್ಯಲ್ಲೋ!" ತಂಗಿಯ ಮುಖ ಬಿಳಿಚಿಕೊಂಡಿತು.

ಕೈಬಿಟ್ಟರೆ ಬೆಳೆ ಹೋಗುತ್ತದೆ, ಕೈಬಿಡದಿದ್ದರೆ ಸಂಬಂಧ. ಸುಮಾ ನೈಟಿಯ ಮೇಲೆ ಅಪ್ಪನ ಶರ್ಟು ತೊಟ್ಟಿದ್ದಳು. ನನ್ನತ್ತ ನೋಡದೆ ಹುಳು ಆರಿಸುತ್ತಲೇ ಇದ್ದಳು.

ಹುಡುಗನ ತಾಯಿ ಬಾಗಿಲಿಗೇ ಬಂದರು. ನಾನು ಅಡ್ಡ ನಿಂತು, ಮರ್ಯಾದೆಯ ವಾಕ್ಯವೊಂದನ್ನು ಜೋಡಿಸತೊಡಗಿದೆ. ಅದು ಕ್ರಿಯಾಪದ ಮುಟ್ಟಲಿಲ್ಲ.

"ಹಣ್ಣಾಗೈತಾ? ಅಯ್ಯೋ, ಸಿಗ್ನಲ್ ಕಂಬದಂಗೆ ನಿಂತಿದ್ದೀರಲ್ಲ ಸ್ವಾಮೀ, ಜರುಗಿ!"

ಹೊಸ್ತಿಲ ಬಳಿಯ ಔಷಧಿ ನೀರಿನಲ್ಲಿ ಕೈಕಾಲು ತೊಳೆದು, ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸುಮಾಳ ಪಕ್ಕ ನಿಂತರು. "ನಮ್ಮ ತೌರಲ್ಲೂ ಇದೇ ಕಣಮ್ಮ. ಅದಿನ್ನೂ ಹಸಿರು, ಬಿಡು. ಇದನ್ನ ತಗೋ." ಆಮೇಲೆ ಹೊರಗೆ ಕೂಗಿದರು: "ಏಯ್, ಪ್ಯಾಂಟು ಮಡಚ್ಕೊಂಡು ಬಾರಪ್ಪ ನೀನೂ!"

ಹೆಣ್ಣು ನೋಡುವ ಶಾಸ್ತ್ರ ಹಾಗೆ, ಯಾರೂ ಯಾರನ್ನೂ ಸರಿಯಾಗಿ ನೋಡದೆ, ಮಧ್ಯಾಹ್ನದವರೆಗೆ ನಡೆಯಿತು.

ಕೆಲಸ ಮುಗಿದಾಗ ಚಂದ್ರಿಕೆಯ ಅಂಚಿನಲ್ಲಿ ಒಂದು ಹುಳು ತಲೆ ಎತ್ತಿ, ಗಾಳಿಯಲ್ಲಿ ಆಚೆ ಈಚೆ ತಡವುತ್ತಿತ್ತು. ನನ್ನ ಶತ್ರು ವಿಶೇಷಣದ ಲ್ಯಾಟಿನ್ ಬೇರಿಗೂ 'ಮುಟ್ಟಿ ನೋಡು' ಎಂಬರ್ಥವಿದೆಯೆಂದು ಎಲ್ಲೋ ಓದಿದ್ದು ನೆನಪಾಯಿತು. ತಡವಿ ತಡವಿಯೇ ಅದು ಮೊದಲ ಎಳೆ ಅಂಟಿಸಿತು.

ಹೊರಡುವಾಗ ಹುಡುಗನ ತಾಯಿ, "ನಿಶ್ಚಿತಾರ್ಥ ನಿಮ್ಮ ಮುಂದಿನ ಬೆಳೆ ಇಳಿದ್ಮೇಲೆ ಇಟ್ಕೊಳ್ಳಣ. ಟೆಂಟೆಟಿವ್ವು" ಎಂದರು.

ಕಾರು ಊರು ದಾಟುವ ಮೊದಲೇ ನಾನು ಅಡುಗೆಯವನಿಗೆ ಫೋನು ಮಾಡಿದೆ.