ಅಡ್ವಾನ್ಸ್ ಕೊಡೋನಿಗೆ ನಮ್ಮ ಪಿನ್ ಯಾಕೆ?

ಮೊನ್ನೆ ಗುಬ್ಬಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ್ದಕ್ಕೆ ನನಗೆ ಸೋದರತ್ತೆ ಮನೆಯ ಊಟ ತಪ್ಪಿತು.

ತೆಂಗಿನಕಾಯಿ ಕೊಳ್ಳುತ್ತೇನೆಂದು ಯಾರೋ ಅತ್ತೆಗೆ ಫೋನ್ ಮಾಡಿ, ಮೊಬೈಲಿಗೆ ಕ್ಯೂಆರ್ ಕೋಡ್ ಕಳಿಸಿ, "ಸ್ಕ್ಯಾನ್ ಮಾಡಿ ಪಿನ್ ಒತ್ತಮ್ಮ, ಅಡ್ವಾನ್ಸ್ ಬರುತ್ತೆ" ಎನ್ನುತ್ತಿದ್ದ. ನಮ್ಮ ಕಡೆ ಅಡ್ವಾನ್ಸ್ ಬೇಡ ಅಂದರೆ ವ್ಯಾಪಾರಿಗೆ ಅವಮಾನ ಮಾಡಿದಂತೆ. ಅತ್ತೆ ಪಿನ್ ಒತ್ತುವಷ್ಟರಲ್ಲಿ ಫೋನ್ ಕಿತ್ತುಕೊಂಡೆ.

"ದುಡ್ಡು ಕೊಡೋನು ನೀನು, ಪಿನ್ ನಮ್ದ್ಯಾಕಪ್ಪ?"

ಆ ಕಡೆಯವನು ಲೈನ್ ಕಟ್ ಮಾಡಿದ.

"ಬಂದ ಗಿರಾಕೀನ ಓಡಿಸ್ಬುಟ್ಯಲ್ಲೋ! ಎಲ್ಲದಕ್ಕೂ ಅನುಮಾನ ನಿಂದು," ಎಂದು ಸಿಡುಕಿ ಒಳಗೆ ಹೋದ ಅತ್ತೆ ಊಟಕ್ಕೆ ಕರೆಯಲೇ ಇಲ್ಲ. ಅತ್ತೆಯ ಖಾತೆಯಲ್ಲಿದ್ದ ಅವರ ಮೊಮ್ಮಗಳ ಕಾಲೇಜು ಫೀಸು ಉಳಿಯಿತಲ್ಲ ಅಂತ ಹಸಿದೇ ತುಮಕೂರು ಬಸ್ ಹತ್ತಿದೆ.

ದುಡ್ಡು ಪಡೆಯಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ; ಪಿನ್ ಒತ್ತಿದರೆ ದುಡ್ಡು ನಮ್ಮ ಖಾತೆಯಿಂದಲೇ ಹೋಗುತ್ತದೆ. ನಿಮ್ಮ ಕ್ಯೂಆರ್ ಕೋಡನ್ನೇ ಗಿರಾಕಿಗೆ ಕೊಡಿ. ನಿಜವಾಗಿ ಕೊಳ್ಳುವವನು ಅಷ್ಟಕ್ಕೆಲ್ಲ ಮುನಿಸಿಕೊಳ್ಳುವುದಿಲ್ಲ.