ಬೆಂಕಿಯ ಜಾಗಟೆ, ದೋಣಿಯ ಜಾಗಟೆ

ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ. ಸೈರನ್ ಅಲುಗಲಿಲ್ಲ. ಗೋಡೆಗೆ ಕಾಲು ಕೊಟ್ಟು ಮತ್ತೆ ತಿರುಗಿಸಿದೆ. ಒಳಗೆ ಏನೋ ಕಿರ್ರೆಂದಿತು. ಕೂಗು ಬರಲಿಲ್ಲ, ನಾತ ಬಂತು. ಹಳೆಯ ಮೀನೆಣ್ಣೆಯ ನಾತ.

ಕುಮಟೆಯ ಕಚೇರಿಯ ಹಿಂದಿನ ಕೋಣೆ ಇದು. ಯುದ್ಧ ಮುಗಿದ ಮೇಲೆ ಸುತ್ತಲಿನ ಊರುಗಳ ಸೈರನ್‌ಗಳನ್ನೆಲ್ಲ ತಂದು ಇಲ್ಲಿ ಒಟ್ಟಿದ್ದಾರೆ. ಉಳಿದವಕ್ಕೆ ತುಕ್ಕಿನ ವಾಸನೆ. ಮೀನೆಣ್ಣೆ ಹಚ್ಚಿದ್ದು ಇದೊಂದಕ್ಕೇ. ಹಚ್ಚಿದ ಕೈ ಯಾರದೆಂದು ನನಗೆ ಗೊತ್ತು. ಗೊತ್ತಿದ್ದಕ್ಕೇ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಬಂದರೂ ಬರೆಯುವಷ್ಟು ತಾಳ್ಮೆ ಇಲ್ಲ. ನಡೆದದ್ದನ್ನು ಹೇಳುತ್ತೇನೆ, ಕೇಳಿ.

ಯುದ್ಧದ ದಿನಗಳು. ನಾನು ಆಗಷ್ಟೇ ಈ ಕಚೇರಿಗೆ ಪಟ್ಟೇವಾಲನಾಗಿ, ಅಂದರೆ ಜವಾನನಾಗಿ, ಸೇರಿದ್ದೆ. ಭಟ್ಕಳ, ಹೊನ್ನಾವರ, ಕುಮಟೆಯ ಸಾರ್ವಜನಿಕ ಕಟ್ಟಡಗಳಲ್ಲಿ ಬೆಂಕಿ ಬಿದ್ದರೆ ಜನರನ್ನು ಕರೆಯಲು ಏನೇನಿದೆ ಎಂದು ಪಟ್ಟಿ ಮಾಡಬೇಕೆಂದು ಹುಕುಂ ಬಂತು. ಕೆಲಸ ಕಾರಕೂನರದು. ಅವರಿಗೆ ಮಂಡಿನೋವು. ಪುಸ್ತಕ ನನ್ನ ಕೈಗೆ ಬಂತು.

"ಹಳೇದು ಒಂದು ಬದಿಗೆ, ಹೊಸದು ಒಂದು ಬದಿಗೆ," ಎಂದರು ಕಾರಕೂನರು. "ಎದುರಿಗೆ ಉಪಯೋಗಿ ಇಲ್ಲಾ ನಿರುಪಯೋಗಿ ಅಂತ ಬರಿ. ಕತೆ ಬರೀಬೇಡ."

ನನಗೂ ಅದೇ ಬೇಕಿತ್ತು.

ಭಟ್ಕಳದ ಮುಸಾಫರಖಾನೆಯಲ್ಲಿ ಒಂದು ಹಿತ್ತಾಳೆ ತುತ್ತೂರಿ ಇತ್ತು. ಊದುವ ಬಾಯಿಯೇ ಇರಲಿಲ್ಲ. "ಬಾಯಿ ದುರಸ್ತಿಗೆ ಕುಮಟೆಗೆ ಹೋಗಿದೆ ಮಿಯಾ, ನಾನು ಕೆಲಸಕ್ಕೆ ಸೇರೋ ಮೊದಲೇ," ಎಂದ ಅಲ್ಲಿನ ಮುದುಕ. ಮುಂದೆ ಕುಮಟೆಗೆ ಬಂದಾಗ ಒಂದು ಕಪಾಟಿನಲ್ಲಿ ಬರೀ ಬಾಯಿ ಸಿಕ್ಕಿತು. ಅವರಿಗೆ ತುತ್ತೂರಿ ಎಲ್ಲಿದೆಯೆಂದು ಗೊತ್ತಿರಲಿಲ್ಲ. ನಾನು ಎರಡೂ ಕಡೆ 'ಇದೆ' ಎಂದು ಬರೆದೆ. ಕಾರಕೂನರು ಭೇಷ್ ಎಂದರು. ನನ್ನ ಬುದ್ಧಿಯ ಮಟ್ಟ ಅಷ್ಟು.

ನಡುವೆ ಹೊನ್ನಾವರ. ಹೊಳೆ ದಾಟಿಸುವ ದೋಣಿ ನಿಲ್ಲುವಲ್ಲಿ ಒಂದು ಗುದಾಮು, ಅದರ ಜಗಲಿಯಲ್ಲಿ ಚಪಾತಿ ಲಟ್ಟಿಸುವ ಮಣೆಯಷ್ಟು ದಪ್ಪದ ಕಂಚಿನ ಜಾಗಟೆ. ಅದನ್ನು ಬಾರಿಸುವವನು ಮಾಸ್ತಿ. ಹೊಳೆಯಾಚೆಯ ಕಾಸರಕೋಡಿನವನು, ಅರವತ್ತರ ಹತ್ತಿರದ ಗಟ್ಟಿ ಆಳು. ಹೊಸ ಸೈರನ್ ಬಂದು ವಾರವಾಗಿತ್ತು. ಉಪ್ಪುಗಾಳಿಗೆ ಕಬ್ಬಿಣ ಹಿಡಿದುಕೊಳ್ಳುತ್ತದೆಂದು ಅದಕ್ಕೆ ದೋಣಿಗೆ ಹಚ್ಚುವ ಮೀನೆಣ್ಣೆ ಹಚ್ಚಿ, ಗೋಣಿ ಸುತ್ತಿ, ಮೂಲೆಯಲ್ಲಿ ಕೂರಿಸಿದ್ದ.

"ಇದ್ರ ಶಬ್ದ ಹೊಳೆ ದಾಟಿ ನಮ್ಮನೆವರಿಗೂ ಕೇಳ್ತದೆ ತಮಾ," ಎಂದು ಜಾಗಟೆ ಸವರಿದ. "ಬಿಟ್ಟು ಬಿಟ್ಟು ಹೊಡದ್ರೆ ದೋಣಿ. ಬಿಡದೆ ಹೊಡದ್ರೆ ಬೆಂಕಿ. ಊರಿಗೆಲ್ಲ ಗೊತ್ತು."

"ಹಾಗಾರೆ ನೋಡ್ವ," ಎಂದು ನಾನು ಕೊಡತಿ ಕಸಿದುಕೊಂಡು ಬಿಡದೆ ಹೊಡೆದೆ.

ಜನ ಬಂದರು. ಓಡಿಯೇ ಬಂದರು. ಆದರೆ ಕೊಡ ಹಿಡಿದವರು ಒಬ್ಬರೂ ಇಲ್ಲ. ಗಂಟು, ಬುಟ್ಟಿ, ಕೋಳಿ ಹಿಡಿದು ಎಲ್ಲರೂ ನಮ್ಮನ್ನು ದಾಟಿ ನೇರ ದೋಣಿಗೆ ಓಡಿದರು. ಮಗುವನ್ನು ಸೊಂಟಕ್ಕೇರಿಸಿದ ಹೆಂಗಸೊಬ್ಬಳು, "ಹೋಯ್ ಮಾಸ್ತಿಯಣ್ಣ, ನಿಲ್ಸಾ ದೋಣಿ! ಮಗೂಗೆ ಅಂಗಿ ಹಾಕೂಕೂ ಬಿಡೂದಿಲ್ವಲ್ಲ ನೀನು!" ಎಂದು ಬೈದಳು.

ನಾನು ನಕ್ಕೆ. ಮಾಸ್ತಿ ನಗಲಿಲ್ಲ.

"ಎಂತ ಇದು, ಮಾಸ್ತಿಯಣ್ಣ?"

"ಬಸುರಿ ಹೆಂಗ್ಸು, ಮುದುಕ್ರು ಓಡೂಕಾಗ್ತದಾ? ಅವ್ರು ಬರೂವರಿಗೆ ದೋಣಿಗೂ ನಾ ಬಿಡದೆ ಹೊಡೀತೆ," ಎಂದ. ಎಷ್ಟು ವರ್ಷದಿಂದ ಎಂದು ಕೇಳಿದೆ. "ಲೆಕ್ಕ ಇಟ್ಟೋರು ಯಾರಾ?" ಎಂದ. ಆಮೇಲೆ ದನಿ ಇಳಿಸಿ, "ಹಳೇದು ಅಂತ ಬರೀ, ಅಡ್ಡಿಲ್ಲ. ನಿರುಪಯೋಗಿ ಅಂತ ಬರೀಬೇಡ ತಮಾ. ಜಾಗಟೆ ಇಳಿಸ್ತ್ರು. ಅದು ಇಳದ್ರೆ ನನ್ನೂ ಕಳಿಸ್ತ್ರು. ಇಷ್ಟು ವರ್ಷ ಬಿಟ್ಟು ಬೇರೆ ಎಂತ ಕಲಿಲಿಲ್ಲ ನಾನು," ಎಂದ.

ನಾನು ಬರೆದೆ. ಜಾಗಟೆ: ಹಳೆಯದು, ನಿರುಪಯೋಗಿ. ಸೈರನ್: ಹೊಸದು, ಉಪಯೋಗಿ. ಸುಳ್ಳೇನೂ ಬರೆಯಲಿಲ್ಲ. ಬೆಂಕಿಗೆ ಆ ಜಾಗಟೆ ಉಪಯೋಗವಿಲ್ಲವೆಂದು ಕಣ್ಣಾರೆ ಕಂಡಿದ್ದೆ. ಆದರೆ ಸೈರನ್ನನ್ನು ತಿರುಗಿಸಿ ನೋಡಲೇ ಇಲ್ಲ. ಹೊಸದು ತಾನೆ, ಅದಕ್ಕೆಂತ ಪರೀಕ್ಷೆ ಎಂದುಕೊಂಡೆ.

ಮಳೆಗಾಲ ಮುಗಿಯುವಷ್ಟರಲ್ಲಿ ಜಾಗಟೆ ಇಳಿಯಿತು. ಮಾಸ್ತಿಯ ಕೆಲಸವೂ ಹೋಯಿತು.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ಕಾಗದ ಮುಟ್ಟಿಸಲು ನಾನು ಅದೇ ಗುದಾಮಿಗೆ ಹೋಗಿದ್ದೆ. ಪಕ್ಕದ ಚಾದಂಗಡಿಯ ತೆಂಗಿನ ಮಡಲಿನ ಮಾಡಿಗೆ ಬೆಂಕಿ ಹತ್ತಿತು. ನಾನೇ ಸೈರನ್ ಎಳೆದು ತಂದು ತಿರುಗಿಸಿದೆ. ಎಣ್ಣೆ ಕುಡಿದ ಯಂತ್ರ, ಬೆಣ್ಣೆಯ ಹಾಗೆ ತಿರುಗಿತು. ಏನು ಕೂಗು! ಎದೆಯುಬ್ಬಿತು.

ಒಬ್ಬರೂ ಬರಲಿಲ್ಲ. ಬದಲಿಗೆ ಬೀದಿಯುದ್ದಕ್ಕೂ ಬಾಗಿಲುಗಳು ಧಡ್ ಧಡ್ ಎಂದು ಮುಚ್ಚಿದವು. ಸೈರನ್ ಕೇಳಿದರೆ ಬಾಂಬು ಹಾಕುವ ವಿಮಾನ ಬಂತೆಂದು ತಿಳಿಯಿರಿ, ಒಳಗೆ ಹೋಗಿ ಮಂಚದ ಕೆಳಗೆ ಮಲಗಿ ಎಂದು ಡಂಗುರ ಸಾರಿದ್ದರು. ನಾನು ಜೋರಾಗಿ ತಿರುಗಿಸಿದಷ್ಟೂ ಜನ ಇನ್ನಷ್ಟು ಒಳಗೆ ಹೋದರು. ಬೆಂಕಿ ಎರಡನೇ ಅಂಗಡಿಗೆ ಹಾರಿತು, ಮೂರನೆಯದಕ್ಕೆ ಹಾರಿತು. ನಾನು ಪೆದ್ದನ ಹಾಗೆ ತಿರುಗಿಸುತ್ತಲೇ ಇದ್ದೆ.

ಅಷ್ಟರಲ್ಲಿ ಕಾಸರಕೋಡಿನ ದೋಣಿ ದಡ ಮುಟ್ಟಿತು. ಅದರಿಂದ ಮಾಸ್ತಿ ಹಾರಿದ. ದೋಣಿಯ ಹುಟ್ಟನ್ನೇ ಹಿಡಿದು ಒಂದೊಂದೇ ಬಾಗಿಲು ಬಡಿಯುತ್ತ ಓಡಿದ. "ಏಳ್ರಾ! ವಿಮಾನ ಅಲ್ದಾ, ಬೆಂಕಿ! ಗಣಪಿ, ಕೊಡ ತಾರೇ! ನಾನು ಮಾಸ್ತಿ, ಬಾಗ್ಲು ತೆಗೀರಾ!"

ಅವನ ದನಿಗೆ ಬಾಗಿಲು ತೆರೆದವು. ಹೊಳೆಯಿಂದ ಕೊಡಗಳ ಸಾಲು ಬಂತು. ಐದು ಅಂಗಡಿ ಹೋದವು, ಜೀವ ಒಂದೂ ಹೋಗಲಿಲ್ಲ.

ಎಲ್ಲ ಆರಿದ ಮೇಲೆ ಮಾಸ್ತಿ ನನ್ನೆದುರು ಬಂದು ನಿಂತ. ಹುಬ್ಬು ಸುಟ್ಟಿತ್ತು. ಏದುಸಿರು.

"ಪುಸ್ತಕ ತಂದಿದ್ಯನಾ ತಮಾ? ತೆಗೆ, ಬರಕೋ. ಮಾಸ್ತಿ: ಹಳೇದು, ನಿರುಪಯೋಗಿ."

ಅಂದಿನಿಂದ ಹೊಳೆ ದಾಟುವಾಗಲೆಲ್ಲ ಕಾಸರಕೋಡಿಗೆ ಬೆನ್ನು ಹಾಕಿ ಕೂರುತ್ತೇನೆ. ಮಾಸ್ತಿ ಅಲ್ಲಿ ಮೀನು ಒಣಗಿಸುತ್ತಾನಂತೆ.

ಈಗ ಮತ್ತೆ ಪಟ್ಟಿ ಮಾಡಬೇಕಂತೆ. ಸಾಹೇಬರು ಬದಲಾಗಿದ್ದಾರೆ, ಪುಸ್ತಕ ಅದೇ ತರಹದ್ದು: ಹಳೆಯದು, ಹೊಸದು. ಇವತ್ತು ಆ ನಾತ ಮೂಗಿಗೆ ಬಡಿದ ಮೇಲೆ ಅಡಿಪಟ್ಟಿ ಹಿಡಿದು ಮೂರನೆಯ ಕಾಲಮಿಗೆ ಗೆರೆ ಎಳೆದೆ. ಮೇಲೆ 'ಯಾರು ಕರೆಯುತ್ತಾರೆ' ಎಂದು ಬರೆದೆ. ಕಾರಕೂನರು ಬೈಯುತ್ತಾರೆ, ಬೈಯಲಿ. ಹೊನ್ನಾವರದ ಎದುರಿಗೆ ಆ ಜಾಗ ಖಾಲಿ ಇದೆ. ಮಾಸ್ತಿಯನ್ನು ಕೇಳದೆ ಅವನ ಹೆಸರು ಬರೆಯುವ ಹಕ್ಕು ನನಗಿಲ್ಲ. ಒಮ್ಮೆ ಕೇಳದೆ ಬರೆದದ್ದು ಸಾಕು.

ನಾಳೆ ಬೆಳಿಗ್ಗೆ ದೋಣಿ ಹತ್ತುತ್ತೇನೆ, ಈ ಸಲ ಮುಖ ಆ ಕಡೆಗೆ ಮಾಡಿ ಕೂರುತ್ತೇನೆ. ಇಷ್ಟೇ. ನನ್ನ ಹತ್ತಿರ ಇನ್ನು ಹೇಳಲು ಏನೂ ಇಲ್ಲ.